ಐದನೆಯ ಆಜ್ಞೆ ಮತ್ತು ಭಾಲ್ಕಿ ರಸ್ತೆ



ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ತನ್ನ ಹೊಸ ಮೋಟಾರ್ ಸೈಕಲನ್ನು ದೇವಾಲಯದ ಮುಂದೆ ತಂದು ನಿಲ್ಲಿಸಿದ. ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ, ಆದರೆ ಹ್ಯಾಂಡಲಿಗೆ ಜಪಸರ ಆಗಲೇ ಬಂದಿತ್ತು. ಆಶೀರ್ವಾದದ ಪ್ರಾರ್ಥನೆ ಹೇಳಿ, ಪವಿತ್ರ ಜಲ ಪ್ರೋಕ್ಷಿಸಿ, "ಅರವತ್ತರ ಒಳಗ ಓಡಿಸಪ್ಪಾ" ಎಂದೆ. ಅವನು ನಕ್ಕ.

"ಭಾಲ್ಕಿ ರೋಡಿಗಿ ಹೋಗಿ ನೋಡ್ರಿ ಫಾದರ್. ಬೋರ್ಡ್ ಯಾರು ನೋಡ್ತಾರ? ಬೋರ್ಡ್ ಹಾಕಿದ್ರ ಸಾಯೋರು ಉಳೀತಾರೇನ್ರಿ? ಯಾರ ಟೈಮ್ ಬಂದದ ಅವರು ಹೋಗ್ತಾರ, ಅಷ್ಟೇ."

ಅವನಿಗೆ ಅಲ್ಲೇ ನಿಂತು ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಔರಾದ ಕಡೆ ಎರಡನೆಯ ಬಲಿಪೂಜೆ ಇತ್ತು, ಹೊತ್ತಾಗಿತ್ತು. ಜನವಾಡ ದಾಟಿದ ಮೇಲೆ ನನ್ನ ವಾಹನದ ಮುಳ್ಳನ್ನು ನೋಡಿದೆ. ಎಂಬತ್ತೈದರ ಮೇಲಿತ್ತು! ಆ ಹುಡುಗನ ಎರಡು ಮಾತುಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ವೇಗಕ್ಕೆ ಮಿತಿ ಹಾಕಿದರೆ ಸಾವು ನಿಜವಾಗಿ ಕಡಿಮೆಯಾಗುತ್ತದೆಯೇ ಎಂಬುದು ಒಂದು. ಸಾವು ಬರುವುದು ದೇವರು ಬರೆದಿಟ್ಟ ಹೊತ್ತಿಗೇ ಎಂದಾದರೆ ಮಿತಿಯ ಗೊಡವೆ ನಮಗೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಪ್ರವಚನಪೀಠದಿಂದ ಸಿಗುವುದಿಲ್ಲ, ಲೆಕ್ಕದಿಂದ ಸಿಗುತ್ತದೆ. ಆದ್ದರಿಂದ ಲೆಕ್ಕದಿಂದಲೇ ತೊಡಗೋಣ.

ಬೀದರಿನಿಂದ ಭಾಲ್ಕಿಗೆ ಸುಮಾರು 40 ಕಿ.ಮೀ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ನಲವತ್ತು ನಿಮಿಷ, 80ರಲ್ಲಿ ಹೋದರೆ ಮೂವತ್ತು ನಿಮಿಷ. ಉಳಿಯುವುದು ಹತ್ತು ನಿಮಿಷ. ಹಲಬರ್ಗಾದಲ್ಲಿ ಒಂದು ಚಹಾ ಕುಡಿದರೆ ಮುಗಿದುಹೋಗುವಷ್ಟು ಸಮಯ ಅದು. ಈ ಹತ್ತು ನಿಮಿಷಕ್ಕೆ ಬೆಲೆ ಎಷ್ಟು ಕೊಡುತ್ತೇವೆ ನೋಡಿ. ಒಣ ರಸ್ತೆ, ಒಳ್ಳೆಯ ಬ್ರೇಕ್, ಎಚ್ಚರವಾಗಿರುವ ಚಾಲಕ, ಎಲ್ಲವೂ ಇದೆ ಎಂದಿಟ್ಟುಕೊಳ್ಳೋಣ. ಶಾಲೆಯ ಮಗುವೊಂದು ದಿಢೀರನೆ ರಸ್ತೆಗೆ ಓಡಿಬಂತು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. 60ರ ವೇಗದವನು ಆ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿ, ಬ್ರೇಕ್ ಒತ್ತಿದ ಮೇಲೆ ಇನ್ನೊಂದು 20 ಮೀಟರಿನಲ್ಲಿ ನಿಲ್ಲುತ್ತಾನೆ. ಒಟ್ಟು 37 ಮೀಟರ್. 80ರ ವೇಗದವನು ಆ ಒಂದು ಸೆಕೆಂಡಿನಲ್ಲೇ 22 ಮೀಟರ್ ಹೋಗಿರುತ್ತಾನೆ. ಮೊದಲನೆಯವನು ಪೂರ್ತಿ ನಿಂತ ಆ 37 ಮೀಟರಿನ ಜಾಗದಲ್ಲಿ ಎರಡನೆಯವನ ಗಾಡಿ ಇನ್ನೂ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ! ಒಬ್ಬನು ಮಗುವನ್ನು ಗದರಿಸಿ ಮುಂದೆ ಹೋಗುತ್ತಾನೆ. ಇನ್ನೊಬ್ಬನು ಮಗುವಿಗೆ ಬಡಿಯುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ಮುಳ್ಳಿನ ಮೇಲಿನ ಇಪ್ಪತ್ತು ಗೆರೆ.

ಬಡಿತದ ಬಲ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಡಿತ ನಾಲ್ಕು ಪಟ್ಟು. ಇದನ್ನು ಬೀದರಿನವರಿಗೆ ತಿಳಿಸುವುದು ಸುಲಭ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾವನ್ನು ನಾವೆಲ್ಲ ನೋಡಿದ್ದೇವೆ. ಅದರ ಉಳಿದ ಒಂದೇ ಮಿನಾರಿನ ಎತ್ತರ 131 ಅಡಿ, ಅಂದರೆ ಸುಮಾರು 40 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೂ ಆ ಮಿನಾರಿನ ತುದಿಯಿಂದ ನೆಲಕ್ಕೆ ಬೀಳುವುದೂ ಹೆಚ್ಚು ಕಡಿಮೆ ಒಂದೇ. 50 ಕಿ.ಮೀ. ವೇಗದಲ್ಲಾದರೆ ಅದು ಮೂರು ಮಹಡಿಯ ಮನೆಯಿಂದ ಬಿದ್ದಂತೆ. ಮಿನಾರಿನ ತುದಿಯಲ್ಲಿ ಒಂದು ಕಾಲಲ್ಲಿ ನಿಲ್ಲು ಎಂದರೆ ಯಾವ ಯುವಕನೂ ಒಪ್ಪುವುದಿಲ್ಲ. ಅದೇ ಎತ್ತರವನ್ನು ಬೈಕಿನ ಮೇಲೆ ಕೂತು ದಿನಕ್ಕೆರಡು ಬಾರಿ ಏರುತ್ತಾನೆ, ತಲೆಗೆ ಹೆಲ್ಮೆಟ್ ಕೂಡ ಇಲ್ಲದೆ.

ಇದು ಒಬ್ಬ ಚಾಲಕನ ಮಾತಾಯಿತು. ಇಡೀ ರಸ್ತೆಯ ಮಾತೇನು? ಸ್ವೀಡನ್ ದೇಶದ ಯೋರಾನ್ ನಿಲ್ಸನ್ ಎಂಬ ಸಂಶೋಧಕರು ತಮ್ಮ ದೇಶದಲ್ಲಿ ವೇಗದ ಮಿತಿ ಬದಲಾದಾಗಲೆಲ್ಲ ಏನಾಯಿತೆಂದು ನೋಡಿ ಒಂದು ಸೂತ್ರ ಕೊಟ್ಟರು. ರಸ್ತೆಯ ಮೇಲಿನ ಸರಾಸರಿ ವೇಗ ನೂರಕ್ಕೆ ಒಂದು ಪಾಲು ಹೆಚ್ಚಿದರೆ ಜೀವ ತೆಗೆಯುವ ಅಪಘಾತಗಳು ನೂರಕ್ಕೆ ಸುಮಾರು ನಾಲ್ಕು ಪಾಲು ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ಲೆಕ್ಕವನ್ನು ಬಳಸುತ್ತದೆ. ಈಗ ನಮ್ಮ ಹುಡುಗನ ಆಕ್ಷೇಪಕ್ಕೆ ಬನ್ನಿ. ಬೋರ್ಡನ್ನು ಯಾರೂ ನೋಡುವುದಿಲ್ಲ ಎಂದನಲ್ಲವೇ? ಅವನ ಮಾತಿನಲ್ಲಿ ಸತ್ಯವಿದೆ. ಮಿತಿಯನ್ನು 10 ಕಿ.ಮೀ. ಇಳಿಸಿ, ಪೋಲೀಸರನ್ನು ನಿಲ್ಲಿಸದೆ ಕೇವಲ ಬೋರ್ಡು ಬದಲಾಯಿಸಿದರೆ ನಿಜವಾದ ಸರಾಸರಿ ವೇಗ ಎರಡು ಮೂರು ಕಿ.ಮೀ. ಮಾತ್ರ ಇಳಿಯುತ್ತದೆ ಎಂಬುದು ಹಲವು ದೇಶಗಳ ಅನುಭವ. ನಮ್ಮಲ್ಲಿ ಅಷ್ಟೂ ಇಳಿಯಲಿಕ್ಕಿಲ್ಲ. ಆದರೂ 80 ಇದ್ದ ಸರಾಸರಿ 77ಕ್ಕೆ ಇಳಿಯಿತು ಎನ್ನಿ. ಮೇಲಿನ ಸೂತ್ರದಂತೆ ನೂರು ಸಾವುಗಳಲ್ಲಿ ಸುಮಾರು 14 ತಪ್ಪುತ್ತವೆ. ಹತ್ತರಲ್ಲಿ ಒಂಬತ್ತು ಮಂದಿ ಬೈದುಕೊಂಡು ದಾಟಿಹೋಗುವ ಬೋರ್ಡು ಕೂಡ ಯಾರದೋ ಮನೆಯ ದೀಪವನ್ನು ಉಳಿಸುತ್ತದೆ. ಆ ಮನೆ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ಬೋರ್ಡಿಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ.

ನಮ್ಮ ರಾಜ್ಯದಲ್ಲೇ ಕಣ್ಣೆದುರಿನ ಉದಾಹರಣೆಯೊಂದಿದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಜನ ಸಂತೋಷದಿಂದ ಗಾಡಿ ಓಡಿಸಿದರು, ಸಂತೋಷದ ಜೊತೆಗೆ ಹೆಣಗಳೂ ಬಿದ್ದವು. ಆ ಒಂದೇ ವರ್ಷ ಸತ್ತವರು 188 ಮಂದಿ. ಕಾನೂನಿನಲ್ಲಿ ವೇಗದ ಮಿತಿ ಆಗಲೂ ಇತ್ತು, ಹಿಡಿಯುವವರು ಇರಲಿಲ್ಲ. ಆ ವರ್ಷದ ಮಧ್ಯದಿಂದ ಪೋಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಪಕ್ಕದ ರಸ್ತೆಗೆ ಕಳಿಸಿದರು. ಆಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಲ್ಲಿಯೇ ಆಗಲಿ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಕೇಸು ದಾಖಲಿಸುವುದಾಗಿ ಪೋಲೀಸ್ ಇಲಾಖೆ ಹೇಳಿತು. ಆ ಹೆದ್ದಾರಿಯಲ್ಲಿ 2024ರಲ್ಲಿ ಸತ್ತವರು 50. ನೂರ ಮೂವತ್ತೆಂಟು ಮಂದಿಯ ವ್ಯತ್ಯಾಸ.

ಇದೆಲ್ಲ ವೇಗದ ಮಿತಿಯೊಂದರಿಂದಲೇ ಆಯಿತು ಎಂದು ನಾನು ಹೇಳಿದರೆ ಅದು ಪ್ರಾಮಾಣಿಕವಾದ ವಾದವಾಗುವುದಿಲ್ಲ. ಬೈಕುಗಳನ್ನು ತೆಗೆದದ್ದರ ಪಾಲು ಎಷ್ಟು, ಕ್ಯಾಮೆರಾದ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅಮೆರಿಕದ ಕಥೆಯಲ್ಲೂ ಇದೇ ತೊಡಕಿದೆ. 1974ರಲ್ಲಿ ಪೆಟ್ರೋಲಿನ ಬರ ಬಂದಾಗ ಅಲ್ಲಿನ ಸರ್ಕಾರ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಮಿತಿ ಹಾಕಿತು. ಹಿಂದಿನ ವರ್ಷ ಸುಮಾರು 54 ಸಾವಿರ ಇದ್ದ ಸಾವು ಆ ವರ್ಷ 45 ಸಾವಿರದ ಹತ್ತಿರಕ್ಕೆ ಇಳಿಯಿತು. ಆದರೆ ಪೆಟ್ರೋಲೇ ಇಲ್ಲದೆ ಓಡಾಟವೂ ಕಡಿಮೆಯಾಗಿತ್ತಲ್ಲ! ಹೆಚ್ಚು ಸ್ಪಷ್ಟವಾದದ್ದು ಆಮೇಲಿನ ಭಾಗ. 1995ರಲ್ಲಿ ಆ ರಾಷ್ಟ್ರೀಯ ಮಿತಿಯನ್ನು ತೆಗೆದುಹಾಕಿದರು, ರಾಜ್ಯಗಳು ವೇಗ ಏರಿಸಿದವು. ಅದರಿಂದಾಗಿ ಹತ್ತು ವರ್ಷಗಳಲ್ಲಿ ಸುಮಾರು 12,500 ಹೆಚ್ಚಿನ ಸಾವುಗಳಾದವು ಎಂದು 2009ರ ಒಂದು ಅಧ್ಯಯನ ಅಂದಾಜಿಸಿತು. ಫ್ರಾನ್ಸಿನಲ್ಲಿ 2018ರ ಜುಲೈನಿಂದ ಎರಡು ದಿಕ್ಕಿನ ಸಂಚಾರವಿರುವ ಸಾಧಾರಣ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದರು. ಜನ ಸಿಟ್ಟಿಗೆದ್ದು ಕ್ಯಾಮೆರಾಗಳನ್ನು ಒಡೆದರು. ಆದರೂ ಇಪ್ಪತ್ತು ತಿಂಗಳಲ್ಲಿ 349 ಜೀವ ಉಳಿದವೆಂದು ಅಲ್ಲಿನ ತಜ್ಞರ ಸಂಸ್ಥೆಯ ಲೆಕ್ಕ. ದಾರಿ ಬೇರೆ, ದೇಶ ಬೇರೆ, ಆದರೆ ಉತ್ತರ ಒಂದೇ ಕಡೆಗೆ ವಾಲುತ್ತದೆ.

ಜರ್ಮನಿಯ ದೊಡ್ಡ ಹೆದ್ದಾರಿಗಳಲ್ಲಿ ಎಷ್ಟೋ ಕಡೆ ಮಿತಿಯೇ ಇಲ್ಲವಲ್ಲ ಎಂದು ಓದಿದವರು ಕೇಳುತ್ತಾರೆ. ನಿಜ. ಅಲ್ಲಿ ಎದುರಿನಿಂದ ಗಾಡಿ ಬರುವುದಿಲ್ಲ, ಟ್ರ್ಯಾಕ್ಟರ್ ಇಲ್ಲ, ಎಮ್ಮೆ ಇಲ್ಲ. ನಮ್ಮ ಔರಾದ ರಸ್ತೆಯಲ್ಲಿ ಕಬ್ಬು ತುಂಬಿದ ಎರಡು ಟ್ರೈಲರಿನ ಟ್ರ್ಯಾಕ್ಟರು ಹಿಂದಿನ ದೀಪವಿಲ್ಲದೆ ಹೋಗುತ್ತದೆ, ರಾಶಿಯ ಕಾಲದಲ್ಲಿ ತೊಗರಿ, ಸೋಯಾ ರಸ್ತೆಯ ಮೇಲೆಯೇ ಹರಡಿರುತ್ತದೆ, ಕೌಠಾ ಸೇತುವೆಯ ಮೇಲೆ ಎದುರು ಬದುರು ಬಸ್ಸುಗಳು, ಸಂತಪುರದಲ್ಲಿ ರಸ್ತೆ ದಾಟುವ ಶಾಲೆಯ ಮಕ್ಕಳು. ಮೈಸೂರಿನ ಹೆದ್ದಾರಿಯಂತೆ ಇಲ್ಲಿ ಬೈಕು, ಆಟೋಗಳನ್ನು ಬೇರೆ ರಸ್ತೆಗೆ ಕಳಿಸಲು ಬೇರೆ ರಸ್ತೆಯೇ ಇಲ್ಲ. ಬೇರ್ಪಡಿಸಲಾಗದ ಕಡೆ ನಿಧಾನಿಸುವುದೊಂದೇ ಉಳಿಯುವ ದಾರಿ.

2022ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡದ ಹತ್ತಿರ ಲಾರಿಗೂ ಆಟೋರಿಕ್ಷಾಕ್ಕೂ ಡಿಕ್ಕಿಯಾಗಿ, ಕೂಲಿ ಮುಗಿಸಿ ಮನೆಗೆ ಮರಳುತ್ತಿದ್ದ ಏಳು ಮಂದಿ ಹೆಣ್ಣುಮಕ್ಕಳು ತೀರಿಕೊಂಡರು. ತಪ್ಪು ಯಾರದೆಂದು ತೀರ್ಪು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆಟೋದಲ್ಲಿ ಕೂತವರಿಗೂ ಲಾರಿಗೂ ನಡುವೆ ಇರುವುದು ಒಂದು ತಗಡು ಮತ್ತು ರೆಕ್ಸಿನ್. ಅಂಥವರು ಓಡಾಡುವ ರಸ್ತೆಯಲ್ಲಿ ಬೇರೆಯವರ ವೇಗವೇ ಅವರ ಆಯುಷ್ಯ.

ಸರ್ಕಾರದ ಅಂಕಿಗಳ ಬಗ್ಗೆ ಒಂದು ಮಾತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ನಮ್ಮ ರಾಜ್ಯದಲ್ಲೇ 11 ಸಾವಿರಕ್ಕೂ ಹೆಚ್ಚು. ದೇಶದ ಸಾವುಗಳಲ್ಲಿ ನೂರಕ್ಕೆ 71 ಪಾಲು ಅತಿವೇಗದಿಂದ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ. ನಾನು ಈ 71ನ್ನು ತುಸು ಅನುಮಾನದಿಂದಲೇ ನೋಡುತ್ತೇನೆ. ಅಪಘಾತದ ಜಾಗದಲ್ಲಿ ಕಾರಣದ ಕಾಲಮನ್ನು ತುಂಬುವಾಗ "ಅತಿವೇಗ" ಎಂದು ಬರೆಯುವುದು ಸುಲಭ. ರಸ್ತೆಯ ಗುಂಡಿ, ಕತ್ತಲು, ಕುಡಿತ, ನಿದ್ದೆ ಎಲ್ಲವೂ ಅದರೊಳಗೆ ಅಡಗಿಕೊಳ್ಳಬಹುದು. ಗುಂಡಿ ಮುಚ್ಚದ ಅಧಿಕಾರಿಗೂ ಗುತ್ತಿಗೆದಾರನಿಗೂ ಇದು ಅನುಕೂಲದ ಅಂಕಿ. ಆದರೆ ಮೇಲಿನ ಲೆಕ್ಕಗಳು ಈ ಕಾಲಮನ್ನು ನಂಬಿ ನಿಂತಿಲ್ಲ, ಸತ್ತವರ ಎಣಿಕೆಯನ್ನು ನಂಬಿ ನಿಂತಿವೆ. ಗುಂಡಿಯಿದ್ದರೂ ನಿಧಾನವಾಗಿ ಹೋದವನು ಬೀಳುತ್ತಾನೆ, ಸಾಯುವುದು ಅಪರೂಪ.

ಇನ್ನು ಎರಡನೆಯ ಪ್ರಶ್ನೆ. ಇದನ್ನು ಬರೆಯುವುದು ನನಗೆ ಹೆಚ್ಚು ಕಷ್ಟ.

ಹಿಂದೊಮ್ಮೆ ಇಂಥದೇ ಒಂದು ಬೈಕಿಗೆ ಆಶೀರ್ವಾದ ಕೊಟ್ಟು, ಎಂಟು ತಿಂಗಳ ನಂತರ ಅದರ ಒಡೆಯನ ಶವಪೆಟ್ಟಿಗೆಯ ಮೇಲೆ ಅದೇ ಪವಿತ್ರ ಜಲವನ್ನು ಪ್ರೋಕ್ಷಿಸಿದ್ದೇನೆ. ಮಣ್ಣು ಕೊಟ್ಟು ಬಂದ ಮೇಲೆ ಅವನ ತಾಯಿ ನನ್ನ ಕೈ ಹಿಡಿದು, "ಫಾದರ್, ಇದು ದೇವರ ಚಿತ್ತ ಏನ್ರಿ?" ಎಂದು ಕೇಳಿದರು. ನಾನು "ಹೌದವ್ವಾ" ಎಂದೆ. ಆ ಹೊತ್ತಿಗೆ ಬೇರೆ ಸಮಾಧಾನ ಹೊಳೆಯಲಿಲ್ಲ. ಆ ಉತ್ತರ ತಪ್ಪು. ಮಗನು ಸತ್ತದ್ದು ರಾತ್ರಿ ವೇಗವಾಗಿ ಹೋಗಿ ನಿಂತಿದ್ದ ಗಾಡಿಗೆ ಗುದ್ದಿದ್ದರಿಂದ. ಅದನ್ನು ದೇವರು ಇಚ್ಛಿಸಲಿಲ್ಲ. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ದೇವರು ಅದನ್ನು ತಡೆಯಲಿಲ್ಲ, ಅಷ್ಟೇ. ಇಚ್ಛಿಸುವುದಕ್ಕೂ ತಡೆಯದಿರುವುದಕ್ಕೂ ವ್ಯತ್ಯಾಸವಿದೆ ಎಂದು ಗುರುಮಠದಲ್ಲಿ ವರ್ಷಗಟ್ಟಲೆ ಓದಿದ್ದೆ, ಬೇಕಾದಾಗ ನೆನಪಾಗಲಿಲ್ಲ. ದೇವರು ತನ್ನ ಪರಿಪಾಲನೆಯನ್ನು ಬಹುಪಾಲು ಸೃಷ್ಟಿಯ ಕೈಯಿಂದಲೇ ನಡೆಸುತ್ತಾನೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ವೈದ್ಯರ ಕೈ, ರೈತನ ನೇಗಿಲು ಹೇಗೋ ಬ್ರೇಕ್ ಒತ್ತುವ ಕಾಲೂ ಹಾಗೆಯೇ. ಆ ಕಾಲನ್ನು ಎತ್ತಿ ಆಕ್ಸಿಲರೇಟರ್ ಮೇಲಿಟ್ಟು, ಆಮೇಲೆ "ಟೈಮ್ ಬಂದಿತ್ತು" ಎನ್ನುವುದು ನಂಬಿಕೆಯಲ್ಲ.

ಪ್ರಭು ಯೇಸುವಿಗೆ ಈ ಶೋಧನೆ ಬಂದಿತ್ತು. ಸೈತಾನನು ಅವರನ್ನು ದೇವಾಲಯದ ಶಿಖರಕ್ಕೆ ಒಯ್ದು, ದೂತರು ಕಾಪಾಡುತ್ತಾರೆ, ಕೆಳಗೆ ಹಾರು ಎಂದದ್ದು ನಿಮಗೆ ಗೊತ್ತು (ಮತ್ತಾಯ 4:5-7). ದೇವರನ್ನು ಪರೀಕ್ಷಿಸಬಾರದೆಂದು ಯೇಸು ನಿರಾಕರಿಸಿದರು. ಹ್ಯಾಂಡಲಿಗೆ ಜಪಸರ ಕಟ್ಟಿ ನೂರರ ವೇಗದಲ್ಲಿ ಹೋಗುವವನು ಏರಿರುವುದು ಅದೇ ಶಿಖರವನ್ನು. ಎತ್ತರವೂ ಎಷ್ಟೆಂದು ಆಗಲೇ ಲೆಕ್ಕ ಹಾಕಿದ್ದೇವೆ.

ಇದೆಲ್ಲ ಫಾದರ್ ಅವರ ಸ್ವಂತ ಕಟ್ಟುನಿಟ್ಟು ಎಂದು ಯಾರೂ ತಿಳಿಯಬೇಡಿ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ಸಂವಿಧಾನದ 30ನೆಯ ಪರಿಚ್ಛೇದದಲ್ಲಿ ವಾಹನಗಳ ವೇಗದ ಮಿತಿಯ ಮಾತೇ ಬರುತ್ತದೆ. ಅಂಥ ನಿಯಮಗಳನ್ನು ಹಗುರವಾಗಿ ಕಾಣುವವರು ತಮ್ಮ ಮತ್ತು ಪರರ ಜೀವವನ್ನು ಅಪಾಯಕ್ಕೆ ಒಡ್ಡುತ್ತಿದ್ದೇವೆಂದು ಯೋಚಿಸುವುದೂ ಇಲ್ಲ ಎಂದು ಪಿತೃಗಳು ನೊಂದುಕೊಂಡಿದ್ದಾರೆ. 1992ರ ಕಥೋಲಿಕ ಧರ್ಮೋಪದೇಶವು 2290ನೆಯ ಸಂಖ್ಯೆಯಲ್ಲಿ, ಕುಡಿತದಿಂದಾಗಲಿ ವೇಗದ ಮೋಹದಿಂದಾಗಲಿ ರಸ್ತೆಯಲ್ಲಿ ಜೀವಗಳಿಗೆ ಅಪಾಯ ತರುವುದು ಗಂಭೀರ ಅಪರಾಧವೆಂದು ಹೇಳುತ್ತದೆ. ಇದು ಬರುವುದು ಐದನೆಯ ಆಜ್ಞೆಯ ವಿವರಣೆಯಲ್ಲಿ. ಅಪಘಾತ ಆಗಬೇಕೆಂದೇನೂ ಇಲ್ಲ, ಅಪಾಯ ತಂದರೆ ಸಾಕು. 2007ರಲ್ಲಿ ವ್ಯಾಟಿಕನ್ ಚಾಲಕರಿಗಾಗಿಯೇ ಹತ್ತು ಆಜ್ಞೆಗಳ ಒಂದು ಪಟ್ಟಿಯನ್ನು ಕೊಟ್ಟಾಗ ಮೊದಲಿಗೆ ಇಟ್ಟದ್ದೂ ಕೊಲ್ಲಬಾರದೆಂಬುದನ್ನೇ. ಆದರೆ ನಾನು ಕಂಡ ಪ್ರಾರ್ಥನಾ ಪುಸ್ತಕಗಳ ಆತ್ಮಪರಿಶೋಧನೆಯ ಪ್ರಶ್ನೆಗಳಲ್ಲಿ ರಸ್ತೆಯ ಮಾತು ಇಲ್ಲ. ಶುಕ್ರವಾರ ಮಾಂಸ ತಿಂದದ್ದು ನೆನಪಾಗುತ್ತದೆ, ಶಾಲೆಯ ಮುಂದೆ ಎಂಬತ್ತರಲ್ಲಿ ಹೋದದ್ದು ನೆನಪಾಗುವುದಿಲ್ಲ.

"ನಾನು ಚೆನ್ನಾಗಿ ಓಡಿಸುತ್ತೇನೆ, ನನಗೆ ಎಂಬತ್ತು ಕಷ್ಟವಲ್ಲ" ಎನ್ನುವವರಿಗೆ ಹಳೆಯ ನ್ಯಾಯವೊಂದು ಉತ್ತರ ಕೊಡುತ್ತದೆ. 1917ರ ಧರ್ಮಸಭಾ ಕಾನೂನು ಸಂಹಿತೆಯ 21ನೆಯ ವಿಧಿಯಂತೆ, ಎಲ್ಲರಿಗೂ ಬರಬಹುದಾದ ಅಪಾಯವನ್ನು ತಡೆಯಲು ಮಾಡಿದ ನಿಯಮವು ಒಬ್ಬನ ಸಂದರ್ಭದಲ್ಲಿ ಅಪಾಯ ಇಲ್ಲದಿದ್ದರೂ ಅವನನ್ನು ಬಂಧಿಸುತ್ತದೆ. ಆ ಸಂಹಿತೆ ಈಗ ಜಾರಿಯಲ್ಲಿಲ್ಲ, 1983ರಲ್ಲಿ ಹೊಸದು ಬಂತು. ಆದರೆ ಅದರ ಹಿಂದಿನ ವಿವೇಕ ಹಳತಾಗಿಲ್ಲ. ಪ್ರತಿಯೊಬ್ಬನೂ ತಾನು ಅಪವಾದ ಎಂದುಕೊಂಡರೆ ನಿಯಮ ಯಾರಿಗಾಗಿ?

ಬೈಬಲಿನಲ್ಲಿ ರಥ ಓಡಿಸುವ ಯೇಹುವಿನ ಪ್ರಸಂಗ ಬರುತ್ತದೆ. ಬರುತ್ತಿರುವವನು ಯಾರೆಂದು ಕಾವಲುಗಾರನು ದೂರದಿಂದಲೇ ಅವನ ಹುಚ್ಚು ಓಟ ನೋಡಿ ಗುರುತಿಸುತ್ತಾನೆ (2 ಅರಸುಗಳು 9:20). ನಮ್ಮ ಓಣಿಗಳಲ್ಲೂ ಸೈಲೆನ್ಸರಿನ ಸದ್ದಿನಿಂದಲೇ ಗುರುತು ಸಿಗುವ ಯೇಹುಗಳು ಇದ್ದಾರೆ. ನಗೆ ಬಿಟ್ಟು ಹೇಳುವುದಾದರೆ, ತಂದೆತಾಯಿಗಳು ಓದಬೇಕಾದದ್ದು ಬೇರೆ ವಾಕ್ಯಗಳು. ಹಾಯುವ ಚಾಳಿಯಿದೆ ಎಂದು ತಿಳಿದೂ ಎತ್ತನ್ನು ಕಟ್ಟಿಹಾಕದ ಒಡೆಯನನ್ನು ಮೋಶೆಯ ಧರ್ಮಶಾಸ್ತ್ರ ಅಪರಾಧಿ ಎನ್ನುತ್ತದೆ (ವಿಮೋಚನಾಕಾಂಡ 21:29). ಲೈಸೆನ್ಸ್ ಇಲ್ಲದ ಹದಿನಾರರ ಮಗನ ಕೈಗೆ ಬೀಗದ ಕೈ ಕೊಡುವ ತಂದೆ ಆ ಒಡೆಯನೇ. 2019ರ ತಿದ್ದುಪಡಿಯಾದ ಮೇಲೆ ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯೂ ಅಪ್ರಾಪ್ತರ ಅಪರಾಧಕ್ಕೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡ ಇಟ್ಟಿದೆ. ಇನ್ನೊಂದು ವಾಕ್ಯ ನನಗೆ ಬಹಳ ಪ್ರಿಯವಾದದ್ದು. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಸುತ್ತು ಗೋಡೆ ಕಟ್ಟಬೇಕು, ಇಲ್ಲದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಗೆ ತಗಲುತ್ತದೆ ಎಂಬುದು ಅದರ ಸಾರ (ಧರ್ಮೋಪದೇಶಕಾಂಡ 22:8). ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸುತ್ತು ಗೋಡೆ ಯಾರನ್ನೂ ಅವಮಾನಿಸುವುದಿಲ್ಲ. ಬೋರ್ಡಿನ ಮೇಲಿನ ಅಂಕಿ ರಸ್ತೆಯ ಸುತ್ತು ಗೋಡೆ.

ಸುತ್ತು ಗೋಡೆಯ ಎತ್ತರದ ಬಗ್ಗೆ ಸರ್ಕಾರ, ನ್ಯಾಯಾಲಯಗಳ ನಡುವೆಯೂ ವಾದ ನಡೆದಿದೆ. ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲಿ ಮಿತಿಗಳನ್ನು ಏರಿಸಿ, ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರುಗಳಿಗೆ 120 ಕಿ.ಮೀ.ವರೆಗೂ ಅನುಮತಿ ಕೊಟ್ಟಿತು. ವೇಗವೇ ಸಾವಿನ ಮುಖ್ಯ ಕಾರಣವಾಗಿರುವಾಗ ಇದು ಸರಿಯಲ್ಲವೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಆ ಅಧಿಸೂಚನೆಯನ್ನು ರದ್ದುಮಾಡಿತು. ಆದರೆ ಆ 2018ರ ಅಧಿಸೂಚನೆಯಲ್ಲೂ ಭಾಲ್ಕಿ ರಸ್ತೆಯಂಥ ಸಾಧಾರಣ ರಸ್ತೆಗೆ ಕಾರಿಗೆ ಇದ್ದದ್ದು 70, ಬೈಕಿಗೂ ಲಾರಿಗೂ 60.

ಬೇರೆಯವರಿಗೆ ಹೇಳುವ ಮೊದಲು ನನ್ನ ಮುಳ್ಳಿನ ವಿಷಯಕ್ಕೆ ಬರಬೇಕು. ಆ ಭಾನುವಾರ ನಾನು ಎಂಬತ್ತೈದರಲ್ಲಿ ಹೋಗಿದ್ದು ಹುಚ್ಚಿನಿಂದಲ್ಲ, ವೇಳಾಪಟ್ಟಿಯಿಂದ. ಎರಡು ಬಲಿಪೂಜೆಗಳ ನಡುವೆ ನಾನೇ ಇಟ್ಟುಕೊಂಡಿದ್ದ ಸಮಯ ಅರವತ್ತರ ವೇಗಕ್ಕೆ ಸಾಲುತ್ತಿರಲಿಲ್ಲ. ಎಷ್ಟೋ ಲಾರಿ ಚಾಲಕರ, ಕೂಲಿ ಆಟೋದವರ ಕಥೆಯೂ ಇದೇ. ಮಾಲೀಕನು ಕೊಟ್ಟ ಗಡುವೇ ಅವರ ಕಾಲಿನಿಂದ ಆಕ್ಸಿಲರೇಟರ್ ಒತ್ತಿಸುತ್ತದೆ. ಧರ್ಮಕೇಂದ್ರದಲ್ಲಿ ಲಾರಿ, ಜೀಪು ಇಟ್ಟುಕೊಂಡವರು ಇದ್ದಾರೆ. ಅವರು ಚಾಲಕನಿಗೆ ಬುದ್ಧಿ ಹೇಳುವ ಮೊದಲು ತಾವು ಕೊಟ್ಟ ಸಮಯವನ್ನು ಒಮ್ಮೆ ಭಾಗಿಸಿ ನೋಡಲಿ.

ಹೀಗಾಗಿ ಔರಾದ ಕಡೆಯ ಭಾನುವಾರದ ಬಲಿಪೂಜೆ ಮುಂದಿನ ತಿಂಗಳಿನಿಂದ ಇಪ್ಪತ್ತು ನಿಮಿಷ ತಡವಾಗಿ ಆರಂಭವಾಗುವುದು. ಅಲ್ಲಿನ ಹಿರಿಯರು ಮೊದಲು ಗೊಣಗಿದರೂ ಒಪ್ಪಿದ್ದಾರೆ. ವಾಹನದ ಆಶೀರ್ವಾದಕ್ಕೆ ಬರುವವರು ಇನ್ನು ಮುಂದೆ ಹೆಲ್ಮೆಟನ್ನೂ ತರಬೇಕು, ಅದನ್ನೂ ಆಶೀರ್ವದಿಸುತ್ತೇನೆ. ಮನೆಯಲ್ಲಿ ಸಂಜೆಯ ಜಪಸರದ ನಂತರ ಗಾಡಿ ಓಡಿಸುವವರು ಆ ದಿನದ ಅತಿ ಹೆಚ್ಚಿನ ವೇಗ ಎಷ್ಟಿತ್ತೆಂದು ಮಕ್ಕಳ ಮುಂದೆ ಹೇಳಲಿ. ಮಕ್ಕಳು ಲೆಕ್ಕ ಇಟ್ಟುಕೊಳ್ಳುತ್ತಾರೆ, ನೋಡುತ್ತಿರಿ.

ನವೆಂಬರ್ ತಿಂಗಳು ನಮಗೆ ಮೃತರ ಸ್ಮರಣೆಯ ತಿಂಗಳು. ಅದೇ ತಿಂಗಳ ಮೂರನೆಯ ಭಾನುವಾರವನ್ನು ರಸ್ತೆ ಅಪಘಾತಗಳಲ್ಲಿ ಮಡಿದವರ ಸ್ಮರಣೆಯ ದಿನವೆಂದು 2005ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದೆ. ಆ ದಿನದ ಬಲಿಪೂಜೆಯನ್ನು ಅವರಿಗಾಗಿ ಅರ್ಪಿಸಲಾಗುವುದು. ನಿಮ್ಮ ಮನೆಯವರ, ನೆರೆಯವರ, ಪರಿಚಿತರ ಹೆಸರುಗಳನ್ನು ಬರೆದು ಶನಿವಾರ ಸಂಜೆಯೊಳಗೆ ದೇವಾಲಯದ ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಾಕಿ. ಕಥೋಲಿಕರೇ ಆಗಿರಬೇಕೆಂದಿಲ್ಲ, ಯಾವ ಜಾತಿ ಮತದವರಾದರೂ ಸರಿ. ಬೇಮಳಖೇಡದ ಏಳು ಮಂದಿಗಾಗಿ ಒಂದು ಚೀಟಿಯನ್ನು ನಾನು ಆಗಲೇ ಹಾಕಿದ್ದೇನೆ. "ದೇವರ ಚಿತ್ತ ಏನ್ರಿ" ಎಂದು ಕೇಳಿದ ಆ ತಾಯಿಯ ಮನೆಗೆ ಈ ವಾರ ಹೋಗುವವನಿದ್ದೇನೆ.